ಹಡಗು ಕಂಪನಿಯ ಕೊನೆಯ ಲೇತು

ನಮ್ಮ ಮಾವನವರಿಗೆ ಸ್ಕಾಟ್ಲೆಂಡಿನ ಒಂದು ಹಡಗು ಕಟ್ಟುವ ಕಂಪನಿಯ ಮೇಲೆ ಇರುವಷ್ಟು ಅಭಿಮಾನ ಸ್ವಂತ ಮಗನ ಮೇಲಿಲ್ಲ. ಇದನ್ನು ದೂರು ಎಂದು ಹೇಳುತ್ತಿಲ್ಲ. ಆ ಮಗನನ್ನು ಕಟ್ಟಿಕೊಂಡವಳು ನಾನಾದ್ದರಿಂದ ಅವರ ಲೆಕ್ಕಾಚಾರ ಸರಿಯಾಗಿಯೇ ಇದೆ ಎನಿಸುತ್ತದೆ.

ಆ ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು. ಮುಚ್ಚಿದಾಗ ಅಲ್ಲಿನ ಯಂತ್ರಗಳೆಲ್ಲ ಹರಾಜಾಗಿ ದಿಕ್ಕಾಪಾಲಾದವು. ಅವುಗಳಲ್ಲಿ ಒಂದು ದೊಡ್ಡ ಲೇತು ಯಾರ್ಯಾರದೋ ಕೈ ದಾಟಿ ರಾಜಾಜಿನಗರದ ಒಂದು ವರ್ಕ್‌ಶಾಪಿಗೆ ಬಂದು ಕುಳಿತಿತು. ಕಬ್ಬಿಣದ ತುಂಡನ್ನು ಗಿರ್ರನೆ ತಿರುಗಿಸುತ್ತಾ ಕೆತ್ತಿ ದುಂಡಗೆ ಮಾಡುವ ಯಂತ್ರ ಅದು. ಹಡಗುಗಳಿಗೆ ಬೇಕಾದ ಉದ್ದುದ್ದ ಕಬ್ಬಿಣದ ದಂಡಗಳು, ಅಂದರೆ ಶಾಫ್ಟುಗಳು, ಅದರ ಮೇಲೆಯೇ ತಯಾರಾಗುತ್ತಿದ್ದವಂತೆ. ಮಾವ ಕೆಲಸಕ್ಕೆ ಸೇರಿದ ದಿನದಿಂದ ರಿಟೈರ್ ಆಗುವವರೆಗೂ ಅದರ ಮುಂದೆಯೇ ನಿಂತವರು. ವರ್ಕ್‌ಶಾಪು ಹೋಗಿ ಆ ಜಾಗದಲ್ಲಿ ಮದುವೆ ಛತ್ರ ಎದ್ದಾಗ ಲೇತನ್ನು ಬೇರೆ ಯಾವುದೋ ಶೆಡ್ಡಿಗೆ ಮಾರಿದರು. ಅದರ ಮೇಲಿದ್ದ ಕಂಪನಿಯ ಹಿತ್ತಾಳೆ ಫಲಕವನ್ನು ಮಾತ್ರ ಬಿಚ್ಚಿ ಮಾವನ ಕೈಗಿತ್ತರು. ಚಂದ್ರಾ ಲೇಔಟಿನ ನಮ್ಮ ನಡುಮನೆಯ ಗೋಡೆಯ ಮೇಲೆ ಈಗ ಅದೇ ಇದೆ. ಅಲ್ಲಿ ಮೊದಲು ನಮ್ಮ ಮದುವೆಯ ಫೋಟೋ ಇತ್ತು.

ಎರಡು ವರ್ಷದ ಹಿಂದೆ, ನಾನು ಮಾಡಿದ ಒಂದೇ ತಪ್ಪೆಂದರೆ, ಆ ಕಂಪನಿಯ ಹೆಸರನ್ನು ಫೋನಿನಲ್ಲಿ ಹುಡುಕಿ ಕೊಟ್ಟದ್ದು. ಅಲ್ಲೊಬ್ಬ ನಿವೃತ್ತ ಮೇಷ್ಟರು ಕಂಪನಿಯ ಪೂರ್ತಿ ಚರಿತ್ರೆಯನ್ನು ಇಂಟರ್ನೆಟ್ಟಿನಲ್ಲಿ ಹಾಕಿದ್ದರು. ಮೀನು ಹಿಡಿಯುವ ಮರದ ದೋಣಿಯಿಂದ ಶುರುವಾದದ್ದು, ಉಗಿಹಡಗು ಕಟ್ಟಿದ್ದು, ಹೂಳೆತ್ತುವ ಹಡಗು ಕಟ್ಟಿದ್ದು, ಆರ್ಡರು ಸಿಗದೆ ಬಾಗಿಲು ಹಾಕಿದ್ದು, ಎಲ್ಲವೂ ಇತ್ತು. ಕೆಳಗೆ ಹಡಗುಗಳ ಉದ್ದನೆಯ ಪಟ್ಟಿ. ದಿನಾ ಸಂಜೆ ನಾನು ಓದಿ ಕನ್ನಡದಲ್ಲಿ ಹೇಳಬೇಕು, ಅವರು ಕಣ್ಣು ಮುಚ್ಚಿ ಕೇಳಬೇಕು. ಕಾಲೇಜಿನಲ್ಲಿ ನನ್ನ ಇಂಗ್ಲಿಷ್ ಪಾಠವನ್ನು ಯಾರೂ ಇಷ್ಟು ಭಕ್ತಿಯಿಂದ ಕೇಳಿಲ್ಲ. ಹಡಗು ಮುಳುಗಿದ್ದನ್ನು ಓದಿದ ದಿನ ಮಾತ್ರ ಮನೆಯಲ್ಲಿ ಸೂತಕದ ಕಳೆ. ಒಂದು ಸಲ ಹಾಗೆಯೇ ಎರಡನೇ ಮುದ್ದೆ ಬೇಡವೆಂದು ಕೈ ತೊಳೆದುಬಿಟ್ಟರು. ಯಾರು ಹೋದರು ಎಂದು ಪಕ್ಕದ ಮನೆಯವರು ವಿಚಾರಿಸಿದರು.

ತೊಂದರೆ ಇದ್ದದ್ದು ಪಟ್ಟಿಯ ಕೊನೆಯ ಕಾಲಮ್ಮಿನಲ್ಲಿ. ಪ್ರತಿ ಹಡಗಿನ ಗತಿ ಏನಾಯಿತು ಎಂದು ಅಲ್ಲಿ ಬರೆದಿತ್ತು. ಬಂಡೆಗೆ ಬಡಿದು ಹೋಯಿತು, ಯುದ್ಧದಲ್ಲಿ ಹೋಯಿತು, ಗುಜರಿಗೆ ಹೋಯಿತು. ಕೊನೆಯವರೆಗೂ ಬರೀ ಹೋಗಿದ್ದೇ. ಇಡೀ ಕಂಪನಿಯಲ್ಲಿ ಇನ್ನೂ ಬದುಕಿರುವುದು ತಮ್ಮ ಲೇತು ಒಂದೇ ಎಂದು ಮಾವನಿಗೆ ಖಾತ್ರಿಯಾಯಿತು. ಅದನ್ನು ಪಟ್ಟಿಗೆ ಸೇರಿಸಲೇಬೇಕು. ಸೇರಿಸುವವರೆಗೆ ಬಿಡುವವರಲ್ಲ, ನನ್ನನ್ನೂ ಬಿಡುವವರಲ್ಲ.

ಮೇಷ್ಟರಿಗೆ ಬರೆದೆ. ಇದು ಹಡಗುಗಳ ಪಟ್ಟಿ, ಯಂತ್ರಗಳದ್ದಲ್ಲ ಎಂದು ಉತ್ತರ ಬಂತು. ಲೇತಿಲ್ಲದೆ ಇವರಪ್ಪ ಶಾಫ್ಟನ್ನು ಹಲ್ಲಿನಲ್ಲಿ ಕಡಿದು ಮಾಡಿದ್ದರಾ ಕೇಳು ಎಂದರು ಮಾವ. ನಾನು ಅದನ್ನು 'ತಾವು ದಯವಿಟ್ಟು ಮರುಪರಿಶೀಲಿಸಬೇಕು' ಎಂದು ಇಂಗ್ಲಿಷಿಗೆ ತಿರುಗಿಸಿದೆ. ಮೂರ್ನಾಲ್ಕು ಸುತ್ತು ಹೀಗೇ ನಡೆದ ಮೇಲೆ ಮೇಷ್ಟರು ಸ್ವಲ್ಪ ಕರಗಿದರು. ಕಂಪನಿಯ ಪ್ರತಿ ಯಂತ್ರಕ್ಕೂ ಒಂದು ನಂಬರು ಇತ್ತು, ಹಳೆಯ ರಿಜಿಸ್ಟರು ತಮ್ಮ ಬಳಿ ಇದೆ, ಫಲಕದ ಮೇಲಿನ ನಂಬರು ಕಳಿಸಿ, ತಾಳೆಯಾದರೆ ನೋಡೋಣ ಎಂದರು.

ಫಲಕ ಇಳಿಸಿದೆವು. ಕಂಪನಿಯ ಹೆಸರು ಮಸುಕಾಗಿ ಕಾಣುತ್ತಿತ್ತು. ನಂಬರು ಇರಬೇಕಾದ ಜಾಗ ಮಾತ್ರ ಕನ್ನಡಿಯ ಹಾಗೆ ನುಣ್ಣಗಿತ್ತು. ವರ್ಷ ವರ್ಷ ಆಯುಧಪೂಜೆಯ ಹಿಂದಿನ ದಿನ ಹುಣಸೆಹಣ್ಣು ಮತ್ತು ಬೂದಿ ಹಾಕಿ ಅದನ್ನು ಉಜ್ಜಿದವರು ಯಾರು ಎಂದು ಕೇಳಿದೆ. ಮಾವ ಕಿಟಕಿಯ ಕಡೆ ನೋಡತೊಡಗಿದರು. ಬೇರೆ ಯಾರನ್ನೂ ಮುಟ್ಟಲು ಬಿಡುತ್ತಿರಲಿಲ್ಲವಂತೆ.

ಆಮೇಲೆ ಅವರಿಗೆ ನೆನಪಾಯಿತು. ಅದೇ ನಂಬರನ್ನು ಲೇತಿನ ಕಬ್ಬಿಣದ ಮೈಯಲ್ಲೂ, ಒಂದು ತುದಿಯಲ್ಲಿ, ಕೊರೆದಿದ್ದರಂತೆ. ಸರಿ, ಲೇತು ಎಲ್ಲಿದೆ ಎಂದು ಹಳೆಯ ಸ್ನೇಹಿತರನ್ನು ವಿಚಾರಿಸಿ, ಒಂದು ಭಾನುವಾರ ಇಬ್ಬರೂ ಆಟೋ ಹತ್ತಿ ಹೆಗ್ಗನಹಳ್ಳಿಗೆ ಹೋದೆವು.

ಗಲ್ಲಿಯ ಕೊನೆಯ ಶೆಡ್ಡಿನಲ್ಲಿ ಲೇತು ಓಡುತ್ತಿತ್ತು. ಓಡಿಸುತ್ತಿದ್ದವರು ಶೆಡ್ಡಿನ ಒಡತಿ, ಹೆಚ್ಚು ಕಡಿಮೆ ನನ್ನ ವಯಸ್ಸಿನವರು, ಸೀರೆಯ ಮೇಲೆ ಗಂಡಸರ ಖಾಕಿ ಶರ್ಟು ತೊಟ್ಟಿದ್ದರು. ಸಮುದ್ರ ದಾಟುವ ಹಡಗಿಗೆ ಶಾಫ್ಟು ಮಾಡಿದ ಯಂತ್ರ ಈಗ ಕಬ್ಬಿನ ಹಾಲಿನ ಗಾಡಿಗಳಿಗೆ ರೋಲರು ಮಾಡುತ್ತಿತ್ತು. ಮಾವನಿಗೆ ಬೇಸರವಾಗಬಹುದೆಂದು ಹೆದರಿದ್ದೆ. ಅವರು ಎರಡೂ ಕೈಯಿಂದ ಲೇತನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಶಬ್ದ ಚೆನ್ನಾಗಿದೆ, ಎಣ್ಣೆ ಸರಿಯಾಗಿ ಬಿಡ್ತಾ ಇದ್ದೀಯಮ್ಮ ಎಂದು ಒಡತಿಗೆ ಸರ್ಟಿಫಿಕೇಟು ಕೊಟ್ಟರು.

ನಂಬರಿನ ಜಾಗ ಸಿಕ್ಕಿತು, ನಂಬರು ಸಿಗಲಿಲ್ಲ. ಅದರ ಮೇಲೆ ಅರಿಶಿನ, ಕುಂಕುಮ, ವಿಭೂತಿ, ಎಣ್ಣೆ ಎಲ್ಲ ಸೇರಿ ಬೆರಳು ದಪ್ಪ ಪದರ ಕಟ್ಟಿತ್ತು. ಮಾವ ಜೇಬಿನಿಂದ ಚಾಕು ತೆಗೆದದ್ದೇ ತಡ, ಒಡತಿ ಯಂತ್ರ ನಿಲ್ಲಿಸಿ ಅಡ್ಡ ಬಂದರು.

"ಅಲ್ಲಿ ಕೈ ಹಾಕ್ಬೇಡಿ ಸಾರ್. ಅದು ಮಿಷಿನ್ ಮುಖ. ಮುಂಚೆ ಇದ್ದೋರು ಅಲ್ಲೇ ಕುಂಕುಮ ಇಟ್ಟಿದ್ರು, ಅದಕ್ಕೆ ನಾವೂ ದಿನಾ ಅಲ್ಲೇ ಇಡೋದು."

ಮಾವ ಚಾಕು ಮಡಚಿದರು. "ಮುಂಚೆ ಇದ್ದೋನು ನಾನೇ ಕಣಮ್ಮ," ಅಂದರು.

ನಂಬರು ಕೊರೆಯಲೆಂದು ಸ್ಕಾಟ್ಲೆಂಡಿನವರು ಆ ಒಂದು ಕಡೆ ಕಬ್ಬಿಣವನ್ನು ಅರದಿಂದ ನಯ ಮಾಡಿದ್ದರು. ಮಿಕ್ಕ ಮೈಯೆಲ್ಲ ಒರಟು. ಕುಂಕುಮ ಚೆನ್ನಾಗಿ ಕೂರುತ್ತದೆ ಎಂದು ಮೊದಲ ವರ್ಷ ನಮ್ಮ ಮಾವ ಆರಿಸಿದ್ದು ಅದೇ ಜಾಗವನ್ನು. ಒಂದು ನಂಬರನ್ನು ಉಜ್ಜಿ ಕಳೆದರು, ಇನ್ನೊಂದನ್ನು ಪೂಜಿಸಿ ಮುಚ್ಚಿದರು. ನನಗೆ ನಗು ತಡೆಯಲಾಗಲಿಲ್ಲ, ಶೆಡ್ಡಿನ ಆಚೆ ಹೋಗಿ ನಕ್ಕು ಬಂದೆ.

ಒಳಗೆ ಮಾತುಕತೆ ಬಿಗಿಯಾಗಿತ್ತು. ಆಯುಧಪೂಜೆಗೆ ಹೇಗೂ ಮೈ ತೊಳೆಯುತ್ತೇವೆ, ಈ ಸಲ ಮುಖವನ್ನೂ ತೊಳೆಯೋಣ, ಆಗ ಬನ್ನಿ ಎಂದು ಒಡತಿ. ಅಷ್ಟು ದಿನ ನಾನಿರ್ತೀನೋ ಇಲ್ಲವೋ ಎಂದು ಮಾವ. ಒಬ್ಬಟ್ಟು ಬೇಕಾದಾಗಲೂ ಅವರು ಇದೇ ಮಾತನ್ನು ಬಳಸುವುದರಿಂದ ನಾನು ಕರಗಲಿಲ್ಲ. ಒಡತಿಯೂ ಕರಗಲಿಲ್ಲ. ಆಗ ಮಾವ ದನಿ ತಗ್ಗಿಸಿ ಆ ಪಟ್ಟಿಯ ವಿಷಯ ಹೇಳಿದರು. ಅಷ್ಟೊಂದು ಹಡಗು, ಒಂದೂ ಉಳಿದಿಲ್ಲ, ಇದೊಂದು ಓಡ್ತಾ ಇದೆ, ಅದು ಯಾರಿಗೂ ಗೊತ್ತಿಲ್ಲ ಅಂದರು.  ಈ ಮನುಷ್ಯ ಇಷ್ಟು ದಿನ ಬರೀ ಹಟ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ.

 ಒಡತಿ ಒಂದು ತೆಂಗಿನಕಾಯಿ, ಎರಡು ನಿಂಬೆಹಣ್ಣು ತರಿಸಿದರು. ಕಾಯಿ ಒಡೆದು, ಯಂತ್ರದ ಬಳಿ ತಪ್ಪಾಯಿತೆಂದು ಕೈಮುಗಿದು, ಸೀಮೆಎಣ್ಣೆ ಬಟ್ಟೆ ಹಿಡಿದು ತಾವೇ ಉಜ್ಜಲು ಕುಳಿತರು. ಕೆಂಪು ಹೋಯಿತು, ಹಳದಿ ಹೋಯಿತು, ಮಾವನ ಕಾಲದ ಹಸಿರು ಪೇಂಟು ಹೋಯಿತು, ಅದರಡಿ ಮತ್ತೆ ಕೆಂಪು. ಕೊನೆಗೆ ನಾಲ್ಕು ಅಂಕಿ ಕಂಡವು. ಫೋಟೋ ತೆಗೆದುಕೊಂಡೆ. ನಾವು ಚಪ್ಪಲಿ ಹಾಕಿಕೊಳ್ಳುವುದರೊಳಗೆ ಒಡತಿ ಅಂಕಿಗಳ ಮೇಲೆ ಹೊಸ ಕುಂಕುಮ ಇಟ್ಟಾಗಿತ್ತು.

ನಂಬರು ಕಳಿಸಿದ ಮೇಲೆ ಎರಡು ದಿನ ಉತ್ತರವಿಲ್ಲ. ಮಾವ ವಾಕಿಂಗ್ ಬಿಟ್ಟರು, ಟಿವಿ ಬಿಟ್ಟರು, ನನ್ನ ಫೋನು ಟಿಂಗ್ ಎಂದಾಗಲೆಲ್ಲ ಎದ್ದು ಬಂದರು. ಬ್ಯಾಂಕಿನ ಸಾಲದ ಮೆಸೇಜುಗಳನ್ನೂ ಓದಿಸಿಕೊಂಡರು. ಮೂರನೇ ದಿನ ಮೇಷ್ಟರ ಉತ್ತರ ಬಂತು. ನಂಬರು ತಾಳೆಯಾಗಿದೆ, ಪಟ್ಟಿ ನೋಡಿ ಎಂದಷ್ಟೇ ಇತ್ತು.

ಹಡಗುಗಳೆಲ್ಲ ಮುಗಿದ ಮೇಲೆ ಹೊಸದೊಂದು ಸಾಲು ಇತ್ತು. ಮೇಷ್ಟರು ಹಡಗಿನ ಕಾಲಮ್ಮುಗಳನ್ನೇ ತುಂಬಿದ್ದರು. ಹೆಸರು: ಶಾಫ್ಟ್ ಲೇತ್. ಬಂದರು: ಹೆಗ್ಗನಹಳ್ಳಿ, ಬೆಂಗಳೂರು. ಕ್ಯಾಪ್ಟನ್ ಎಂಬಲ್ಲಿ ನಮ್ಮ ಮಾವನ ಹೆಸರು, ಇನಿಷಿಯಲ್ ಸಮೇತ. ಗತಿ: ಕೆಲಸದಲ್ಲಿದೆ.

ಕಾರವಾರಕ್ಕೆ ಹೋದಾಗ ಪಂಚೆ ಎತ್ತಿ ಹಿಡಿದು ಪಾದದವರೆಗೆ ಮಾತ್ರ ಸಮುದ್ರವನ್ನು ಒಪ್ಪಿಕೊಂಡಿದ್ದ ಮನುಷ್ಯ ಇವರು. ನಗಬೇಕೆಂದು ತಲೆ ಎತ್ತಿದರೆ ಅವರು ಅಳುತ್ತಿದ್ದರು. ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು, ಇನ್ನೊಂದು ಸಲ ಓದು ಅಂದರು. ಓದಿದೆ. ಕ್ಯಾಪ್ಟನ್ ಎಂಬಲ್ಲಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದರು.

"ಅದು ತಪ್ಪು ಕಣಮ್ಮ. ತಿದ್ದೋಕೆ ಬರಿ. ಈಗ ಓಡಿಸ್ತಾ ಇರೋದು ಆ ಹೆಣ್ಮಗಳು. ಅವಳ ಹೆಸರು ಹಾಕ್ಲಿ. ನಾನು ಇಳಿದು ಬಂದೋನು."