ಅರಸುಕೂಸಿನ ದಾದಿಯ ವಂಶದವರು

ಕಿಟಕಿಯ ಗಾಜಿಗೆ ಬೆಳಕು ಆಗಷ್ಟೇ ಅಂಟುತ್ತಿದೆ. ಎಳೆಕೂಸುಗಳ ವಾರ್ಡಿನಲ್ಲಿ ದೊಡ್ಡಮ್ಮ ಕೈ ತೊಳೆದು, ಒರೆಸಿ, ಅಂಗೈಗಳನ್ನು ಉಜ್ಜುತ್ತಾರೆ. ತಮ್ಮದೇ ಕೆನ್ನೆಗೆ ಇಟ್ಟು ನೋಡುತ್ತಾರೆ. ಸಾಲದು, ಮತ್ತೆ ಉಜ್ಜುತ್ತಾರೆ. ತಣ್ಣಗಿನ ಕೈಯಲ್ಲಿ ಅವರು ಯಾವ ಕೂಸನ್ನೂ ಮುಟ್ಟಿದವರಲ್ಲ.

"ನಿದ್ದೆಗಣ್ಣಲ್ಲಿ ನಿಮ್ಮ ಬೆನ್ನಿಗೆ ಯಾರಾದ್ರೂ ತಣ್ಣೀರು ಎರಚಿದ್ರೆ ಸುಮ್ನಿರ್ತೀರಾ? ಇವಕ್ಕೆ ಬೈಯೋಕೆ ಬರಲ್ಲ, ಅಷ್ಟೇ."

ಅವರು ಈ ಆಸ್ಪತ್ರೆಯ ಆಯಾ. ಡಾಕ್ಟರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ದೊಡ್ಡಮ್ಮ. ಗಂಡ ಬೆನ್ನು ಮುರಿದುಕೊಂಡು ಹಾಸಿಗೆ ಹಿಡಿದಾಗ, ಇಬ್ಬರು ಹೆಣ್ಣುಮಕ್ಕಳನ್ನು ಸಾಕಲು ನೆಲ ಒರೆಸುವ ಕೆಲಸಕ್ಕೆ ಸೇರಿದರು. "ಇನ್ನು ದೇವರೇ ಗತಿ ಅಂದ್ರು ಎಲ್ರೂ. ಗತಿ ಆದ ನೋಡಿ," ಎಂದು ನಗುತ್ತಾರೆ. ಒಂದು ದಿನ ಅಳು ನಿಲ್ಲಿಸದ ಕೂಸೊಂದು, ಅವರು ನೆಲ ಒರೆಸುತ್ತ ಗುನುಗುತ್ತಿದ್ದ ದನಿಗೆ ತೆಪ್ಪಗಾಯಿತಂತೆ. "ಬಕೆಟ್ ಅಲ್ಲೇ ಬಿಡಿ, ಇತ್ತ ಬನ್ನಿ," ಎಂದರು ಅಂದಿನ ಸಿಸ್ಟರ್. ಇಪ್ಪತ್ತೆರಡು ವರ್ಷವಾಯಿತು, ದೊಡ್ಡಮ್ಮ ಬಕೆಟ್ಟಿನ ಬಳಿಗೆ ಮರಳಿಲ್ಲ.

ಈಗ ಅವರ ಎದೆಗೆ ಬಟ್ಟೆಯಲ್ಲಿ ಬಿಗಿದಿರುವುದು ಒಂದೂವರೆ ಕಿಲೋ ಕೂಡ ತೂಗದ ಗಂಡುಕೂಸು. ದಿನ ತುಂಬುವ ಮುಂಚೆಯೇ ಹುಟ್ಟಿದೆ. ಹೆತ್ತವಳು ಜ್ವರವೇರಿ ಮೇಲಿನ ಮಹಡಿಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಳು. ನಿನ್ನೆ ಸಂಜೆಯಷ್ಟೇ ಕಣ್ಣು ಬಿಟ್ಟಿದ್ದಾಳೆ. ಅವಳು ಏಳುವವರೆಗೆ ಕೂಸಿಗೆ ಯಾರದಾದರೂ ಮೈಶಾಖ ಬೇಕು, ಬಿಡದೆ ಬೇಕು ಎಂದು ಡಾಕ್ಟರು ಹೇಳಿದ್ದರು. ಅಪ್ಪ ಲಾರಿ ಚಾಲಕ. ಮಗನನ್ನು ಎತ್ತಿಕೋ ಎಂದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ.

"ಅಷ್ಟು ದೊಡ್ಡ ಲಾರಿ ಓಡಿಸ್ತೀಯ, ಇಷ್ಟುದ್ದ ಮಗನ್ನ ಹಿಡಿಯೋಕೆ ಹೆದರ್ತೀಯಲ್ಲಪ್ಪಾ."

"ಲಾರಿಗೆ ಬ್ರೇಕ್ ಇದೆ ದೊಡ್ಡಮ್ಮ."

ಆದರೂ ಸಂಜೆ ಒಂದಿಷ್ಟು ಹೊತ್ತು ಎದೆಗವಚಿಕೊಳ್ಳಲು ಕಲಿತ. ಉಳಿದ ಹೊತ್ತೆಲ್ಲ ದೊಡ್ಡಮ್ಮನ ಪಾಲು. ತಾಯಿ ಏಳುವವರೆಗೆ ಇದು ತಾಳೀತೆ ಎಂದು ವಾರ್ಡೆಲ್ಲ ಕಳವಳಪಡುತ್ತಿದ್ದಾಗ, ಅವರು ಮಾತ್ರ ಕೂಸಿನ ನೆತ್ತಿಗೆ ಬಾಯಿಟ್ಟು "ಏನಪ್ಪಾ ಯೋವಾಷ" ಎಂದು ಹರಟುತ್ತಿದ್ದರು.

ಯೋವಾಷ ಬೈಬಲ್ಲಿನ ಒಬ್ಬ ಅರಸ. ಅವನ ಕಥೆಯನ್ನು ದೊಡ್ಡಮ್ಮನ ಬಾಯಲ್ಲೇ ಕೇಳಬೇಕು.

"ದಾವೀದ ಅರಸನ ವಂಶದ ದೀಪ ಆರೋಕೆ ಬಿಡಲ್ಲ ಅಂತ ದೇವರು ಮಾತು ಕೊಟ್ಟಿದ್ದ. ಆಮೇಲೆ ಅದೇ ಮನೆಯ ಒಬ್ಬಳು ಅಜ್ಜಿ, ರಾಜ್ಯದ ಆಸೆಗೆ ಮೊಮ್ಮಕ್ಕಳನ್ನೆಲ್ಲ ಕೊಲ್ಲಿಸಿದ್ಲು. ಉಳಿದಿದ್ದು ಒಂದು ಹಸುಗೂಸು, ಈ ಯೋವಾಷ. ಸೋದರತ್ತೆ ಅದನ್ನ ದಾದಿ ಜೊತೆ ಬಚ್ಚಿಟ್ಳು. ಆರು ವರ್ಷ ದೇವಾಲಯದಲ್ಲೇ ಇದ್ರು. ಏಳನೇ ವರ್ಷ ಯಾಜಕರು ಹುಡುಗನ್ನ ಹೊರಗೆ ಕರ್ಕೊಂಡು ಬಂದು ಪಟ್ಟ ಕಟ್ಟಿದ್ರು. ಅಷ್ಟು ದೊಡ್ಡ ಮಾತು, ದೇವರು ಅದನ್ನ ಇಟ್ಟಿದ್ದು ಎಲ್ಲಿ? ಒಬ್ಬ ದಾದಿ ಮಡಿಲಲ್ಲಿ. ರಾತ್ರಿ ಮಗು ಅತ್ರೆ ಎದ್ದೋರು ಯಾರು, ಯಾಜಕರಾ?"

ಸಿಸ್ಟರ್ ನಗು ತಡೆಯಲಾರದೆ ಆಚೆ ತಿರುಗುತ್ತಾರೆ. "ಈ ಕಥೆ ವಾರ್ಡಿನ ಗೋಡೆಗಳಿಗೂ ಬಾಯಿಪಾಠ," ಎನ್ನುತ್ತಾರೆ.

"ನಂಗೂ ಭಯ ಇತ್ತು," ಎಂದು ದೊಡ್ಡಮ್ಮ ದನಿ ತಗ್ಗಿಸುತ್ತಾರೆ. "ಆದ್ರೆ ಮಾತು ಉಳಿಸಿಕೊಳ್ಳೋದು ದೇವರ ಕೆಲಸ, ಬೆಚ್ಚಗಿಡೋದು ನನ್ನ ಕೆಲಸ. ಅವನ ಕೆಲಸಕ್ಕೆ ನಾನ್ಯಾಕೆ ಕೈ ಹಾಕ್ಲಿ?"

ಅಷ್ಟರಲ್ಲಿ ಬಾಗಿಲು ತೆರೆಯುತ್ತದೆ. ಗಾಲಿಕುರ್ಚಿಯಲ್ಲಿ ತಾಯಿ, ಅದನ್ನು ತಳ್ಳುತ್ತ ಲಾರಿ ಓಡಿಸುವ ಅಪ್ಪ. ದೊಡ್ಡಮ್ಮ ಬೆನ್ನ ಹಿಂದಿನ ಗಂಟು ಬಿಚ್ಚಿ, ಕೂಸನ್ನು ಅವಳ ಎದೆಗೆ ಒರಗಿಸುತ್ತಾರೆ. "ತಗೋ ಮಗಳೇ, ನಿನ್ನ ಅರಸು." ಕೂಸು ಒಮ್ಮೆ ಮುಖ ಸಿಂಡರಿಸಿ, ಮೂಗಿನಿಂದ ತಡಕಾಡಿ, ಅಲ್ಲೇ ನೆಲೆಯಾಗುತ್ತದೆ. ತಾಯಿ ಅಳುತ್ತಾಳೋ ನಗುತ್ತಾಳೋ ಹೇಳುವುದು ಕಷ್ಟ. ಸಿಸ್ಟರು, ಡಾಕ್ಟರು, ಬಾಗಿಲಲ್ಲಿ ಇಣುಕುತ್ತಿದ್ದ ಕಾವಲುಗಾರ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

ದೊಡ್ಡಮ್ಮ ತಟ್ಟುವುದಿಲ್ಲ. ಅವರ ಕೈಯಲ್ಲಿ ಕೂಸು ಒದ್ದೆ ಮಾಡಿದ ಬಟ್ಟೆಯಿದೆ, ಇನ್ನೂ ಬೆಚ್ಚಗಿದೆ.

"ಪಟ್ಟ ಕಟ್ಟಿದಾಗ ಜನ ಎಲ್ಲ ಚಪ್ಪಾಳೆ ತಟ್ಟಿದ್ರು ಅಂತ ಆ ಕಥೇಲೂ ಬರ್ದಿದೆ," ಎನ್ನುತ್ತ ಅವರು ನಲ್ಲಿಯ ಕಡೆ ನಡೆಯುತ್ತಾರೆ. "ದಾದಿ ತಟ್ಟಿರಲ್ಲ ಬಿಡಿ. ಹುಡುಗ ಬಿಚ್ಚಿಹಾಕಿದ ಹಳೇ ಅಂಗಿ ಅವಳ ಕೈಲೇ ಇದ್ದಿರುತ್ತೆ."