ರಿಸರ್ವಿನಲ್ಲಿ ಎಷ್ಟು ದೂರ

ಶಿವಮೂರ್ತಪ್ಪನ ಮೋಟಾರ್ ಸೈಕಲ್ಲು ರಿಸರ್ವಿನಲ್ಲಿ ಎಷ್ಟು ದೂರ ಓಡುತ್ತದೆ ಎಂಬುದು ಅಜ್ಜಂಪುರದಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿತ್ತು ಅನ್ನುವುದಕ್ಕಿಂತ, ಸಿಕ್ಕಿದವರನ್ನೆಲ್ಲ ನಿಲ್ಲಿಸಿ ಅವನೇ ಹೇಳಿದ್ದ. ತನ್ನ ಮನೆಯ ಮೆಟ್ಟಿಲಿನಿಂದ ಹೊರಟರೆ ತರೀಕೆರೆ ಸ್ಟೇಷನ್ನಿನ ಗೇಟಿನವರೆಗೆ. ಒಂದು ಸಲ ಓಡಿಸಿ ನೋಡಿದ್ದನಂತೆ.

ಆ ಗಾಡಿಯನ್ನು ಅವನು ಚಿಕ್ಕಮಗಳೂರು ಕಡೆಯ ಕಾಫಿ ತೋಟದ ದೊರೆಯೊಬ್ಬ ಸೀಮೆಗೆ ಹೊರಟಾಗ ಕೊಂಡಿದ್ದು. ತೆಂಗಿನ ತೋಟ, ಬೆದ್ದಲು ಬಿಟ್ಟರೆ ಬೇರೇನೂ ಕಾಣದ ಮನೆತನ ಅದು. ಎಂಜಿನ್ನು ಅನ್ನುವುದು ಆ ಅಂಗಳಕ್ಕೆ ಕಾಲಿಟ್ಟಿದ್ದು ಅದೇ ಮೊದಲು. ಟ್ಯಾಂಕಿನ ಕೆಳಗೆ, ಸವಾರನ ಮೊಣಕಾಲಿನ ಹತ್ತಿರ, ಒಂದು ಪುಟ್ಟ ಹಿತ್ತಾಳೆ ನಲ್ಲಿ ಇತ್ತು. ಅದರ ಹಿಡಿ ಎಡಕ್ಕಿದ್ದರೆ ಮಾಮೂಲು ಪೆಟ್ರೋಲು ಇಳಿಯುತ್ತಿತ್ತು. ಅದು ತೀರಿದಾಗ ಎಂಜಿನ್ನು ಕೆಮ್ಮಿ ಮುಗ್ಗರಿಸುತ್ತಿತ್ತು. ಆಗ ಹಿಡಿಯನ್ನು ಬಲಕ್ಕೆ ತಿರುಗಿಸಿದರೆ ತಳದಲ್ಲಿ ಉಳಿದ ಒಂದಿಷ್ಟು ಇಳಿದು ಬರುತ್ತಿತ್ತು. ಆ ಒಂದಿಷ್ಟೇ ರಿಸರ್ವ್.

ಶಿವಮೂರ್ತಪ್ಪ ಎಂದೂ ಟ್ಯಾಂಕಿನ ಮುಚ್ಚಳ ತೆಗೆದು ಎಷ್ಟಿದೆ ಎಂದು ಇಣುಕಿದವನಲ್ಲ. ಕೆಮ್ಮುವ ತನಕ ಓಡಿಸುವುದು, ಕೆಮ್ಮಿದ ಮೇಲೆ ನಲ್ಲಿ ತಿರುಗಿಸಿ ಬೀರೂರಿಗೆ ಹೋಗಿ ಡಬ್ಬ ತರುವುದು. ಸುರಿದ ಮೇಲೆ ಹಿಡಿಯನ್ನು ಮತ್ತೆ ಎಡಕ್ಕೆ. ಇಷ್ಟೇ ಅವನ ಪದ್ಧತಿ.

ಅವನ ಹೆಂಡತಿ ಮಲ್ಲಿಕಾಂಬ ಮೈಸೂರಿನವಳು. ಮೇಷ್ಟರ ಮಗಳು. ಇಂಗ್ಲಿಷ್ ಸ್ಕೂಲಿನಲ್ಲಿ ಓದಿ, ನೀರು ಕಾಯಿಸಿ ಕುಡಿಯಬೇಕು, ನೊಣ ಕೂತದ್ದನ್ನು ತಿನ್ನಬಾರದು ಎಂದೆಲ್ಲ ಕಲಿತು ಬಂದವಳು. ಗಂಡನಿಗೆ ಇಂಗ್ಲಿಷ್ ಬಾರದ್ದರಿಂದ ಗಾಡಿಯ ಜೊತೆ ಬಂದಿದ್ದ ಪುಸ್ತಕವನ್ನು ಅವಳೇ ಓದಿ ಹೇಳಿದ್ದಳು. ಅದನ್ನು ಓದುವಾಗ ಅವಳ ಸುತ್ತ ಓಣಿಯ ಹೆಂಗಸರೆಲ್ಲ ನಿಂತಿದ್ದರು. ಆ ನೋಟವನ್ನು ಯಾರೂ ಮರೆಯಲಿಲ್ಲ.

ಮಗಳು ಮಂಗಳ ಹುಟ್ಟಿದ ಮೇಲೆ ಮಲ್ಲಿಕಾಂಬಳಿಗೆ ಭಯ ಅನ್ನುವುದು ಮೈಗೆ ಅಂಟಿಕೊಂಡಿತು. ಮಗು ಸೀನಿದರೆ ಭಯ, ಸೀನದೆ ಮಲಗಿದರೂ ಭಯ. ಎದುರು ಮನೆಯ ರೇವಣಪ್ಪನ ಮಗ ಗಂಟಲುಮಾರಿ ಬಂದು, ಎತ್ತಿನ ಗಾಡಿ ಕಟ್ಟಿಕೊಂಡು ತರೀಕೆರೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ದಾರಿಯಲ್ಲೇ ಹೋಗಿಬಿಟ್ಟಿದ್ದ. ಆ ಮಗುವಿನ ಉಸಿರಿನ ಸದ್ದು ಅವಳ ಕಿವಿಯಲ್ಲಿ ಕೂತುಬಿಟ್ಟಿತ್ತು. ಅಲ್ಲಿಂದ ಮುಂದೆ ಗಂಡ ಮನೆಗೆ ಬಂದು ಗಾಡಿ ನಿಲ್ಲಿಸಿದರೆ ಸಾಕು, ಪೆಟ್ರೋಲು ಇದೆಯಾ ಎಂದು ಕೇಳುವಳು. ಅವನು ನಕ್ಕು, ಊಟಕ್ಕೆ ಮುಂಚೆ ಪೆಟ್ರೋಲು ಬಡಿಸ್ತೀಯೇನೇ ಎಂದು ಛೇಡಿಸುವನು. ಕೊನೆಗೆ ಅವಳ ಕಾಟ ತಾಳಲಾರದೆ ಒಂದು ಮಾತು ಕೊಟ್ಟ. ರಿಸರ್ವನ್ನು ತನ್ನ ತಿರುಗಾಟಕ್ಕೆ ಕರಗಿಸುವುದಿಲ್ಲ, ಕೆಮ್ಮಿದ ದಿನವೇ ಬೀರೂರಿನಿಂದ ಡಬ್ಬ ಬರುತ್ತದೆ. ಆ ಮಾತನ್ನು ಅವನು ಉಳಿಸಿಕೊಂಡೇ ಬಂದ. ಹಾಗಾಗಿ ಅವಳೂ ನಂಬಿದಳು. ಗಾಡಿ ಕೆಮ್ಮಿಲ್ಲವೆಂದರೆ ಪೆಟ್ರೋಲು ಇದೆ. ಕೆಮ್ಮಿದರೂ ತರೀಕೆರೆ ಇದೆ.

ಆ ವರ್ಷದ ಆಯುಧಪೂಜೆಗೆ ಗಾಡಿಯನ್ನೂ ಪೂಜೆಗೆ ಇಡುವುದೆಂದಾಯಿತು. ಬರಿದಾದ ವಸ್ತುವಿಗೆ ಪೂಜೆ ಮಾಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಕಣಜದಲ್ಲಿ ರಾಗಿ, ಗುಡಾಣದಲ್ಲಿ ನೀರು ತುಂಬಿದ ಹಾಗೆ ಕೊಟ್ಟಿಗೆಯ ಮೂಲೆಯಲ್ಲಿದ್ದ ಡಬ್ಬವನ್ನೂ ಬಗ್ಗಿಸಿ ಟ್ಯಾಂಕನ್ನು ಬಾಯ್ತುಂಬ ತುಂಬಿಸಿದರು. ಅತ್ತೆ ತೀರ್ಥಮ್ಮ ಹಬ್ಬದ ಹಿತ್ತಾಳೆಯನ್ನು ಯಾರ ಕೈಗೂ ಕೊಡುವವಳಲ್ಲ. ಬಿಂದಿಗೆ, ದೀಪದ ಸಮೆ, ಗಂಟೆ ಎಲ್ಲ ಆದ ಮೇಲೆ ಹುಣಸೆಹಣ್ಣು, ಬೂದಿ ಹಿಡಿದು ಗಾಡಿಯ ಹತ್ತಿರ ಬಂದಳು. ಮೊದಮೊದಲು ಅದನ್ನು ಕಬ್ಬಿಣದ ಕೋಣ ಎಂದು ಬೈಯುತ್ತಿದ್ದವಳು ಈಗ ಕುಕ್ಕುರುಗಾಲಲ್ಲಿ ಕೂತು, ಪುಟ್ಟ ನಲ್ಲಿಯ ಹಿಡಿಯನ್ನು ಆಚೆ ಈಚೆ ಹೊರಳಿಸಿ, ಸಂದುಗೊಂದಿಗೆಲ್ಲ ಹುಳಿ ತಿಕ್ಕಿ ಬಂಗಾರದ ಹಾಗೆ ಮಾಡಿದಳು. ಅದರ ಮೇಲೆ ವಿಭೂತಿ ಎಳೆದು, ಒಂದು ಚೆಂಡುಹೂವನ್ನೂ ಸಿಕ್ಕಿಸಿದಳು. ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಮಲ್ಲಿಕಾಂಬ ಅದನ್ನು ನೋಡುತ್ತ ನಿಂತಿದ್ದಳು. ಅತ್ತೆಗೂ ಗಾಡಿಯ ಮೇಲೆ ಅಕ್ಕರೆ ಬಂತಲ್ಲ ಎಂದು ಅವಳಿಗೆ ಅಂದು ಸಮಾಧಾನವೇ ಆಗಿತ್ತು.

ಹಬ್ಬ ಕಳೆದ ಮೇಲೆ ಶಿವಮೂರ್ತಪ್ಪನ ತಿರುಗಾಟ ಶುರುವಾಯಿತು. ಖಾತೆಯ ತಕರಾರಿಗೆಂದು ಕಡೂರಿಗೆ ಹೋಗಿಬಂದ. ತೆಂಗಿನಕಾಯಿ ವ್ಯಾಪಾರಕ್ಕೆ ಹಿರೇನಲ್ಲೂರಿಗೆ ಹೋದ, ಮತ್ತೆ ಕಡೂರಿಗೆ ಹೋದ. ಗಾಡಿ ಒಮ್ಮೆಯೂ ಕೆಮ್ಮಲಿಲ್ಲ. ಪೂಜೆ ಮಾಡಿದ್ದಕ್ಕೆ ಹಿಗ್ಗಿಬಿಟ್ಟಿದೆ ಎಂದು ಜಗಲಿಯ ಮೇಲೆ ಕೂತು ತಮಾಷೆ ಮಾಡಿದ.

ಒಂದು ದಿನ ಬೆಳಗ್ಗೆ ಮಂಗಳ ಹಾಲು ನುಂಗಲಿಲ್ಲ. ಮೈ ಕಾದಿತ್ತು. ಮಲ್ಲಿಕಾಂಬ ಕಿಟಕಿಯ ಬೆಳಕಿಗೆ ಹಿಡಿದು ಮಗುವಿನ ಬಾಯಿ ಬಿಡಿಸಿ ನೋಡಿದಳು. ಗಂಟಲಿನ ಒಳಗೆ ಬೂದುಬಣ್ಣದ ಪೊರೆ. ಉಸಿರಾಡಿದಾಗ ಎದುರು ಮನೆಯಲ್ಲಿ ಕೇಳಿದ್ದ ಅದೇ ಸದ್ದು. ತೀರ್ಥಮ್ಮ ಕಷಾಯಕ್ಕೆ ಇಟ್ಟಳು. ಮಲ್ಲಿಕಾಂಬ ಕಷಾಯದ ಕಡೆ ನೋಡದೆ ಮಗುವನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ಹೊರಗೆ ಬಂದಳು. ತರೀಕೆರೆಯ ಡಾಕ್ಟರ ಹತ್ತಿರ ಇದಕ್ಕೆ ಸೂಜಿಮದ್ದು ಇದೆ, ಬೇಗ ಹಾಕಿದರೆ ಮಕ್ಕಳು ಉಳಿಯುತ್ತವೆ ಎಂದು ರೇವಣಪ್ಪನೇ ಅಳುತ್ತ ಹೇಳಿದ್ದ.

"ಪೆಟ್ರೋಲ್ ಇದೆಯೇನ್ರಿ?"

"ಇನ್ನೂ ಕೆಮ್ಮೇ ಇಲ್ಲ ಕಣೇ. ಕೆಮ್ಮಿದ್ರೂ ತರೀಕೆರೆ ಮುಟ್ಟಿಸ್ತದೆ. ಹತ್ತು, ಹತ್ತು."

ಅವಳು ಹಿಂದೆ ಕೂತಳು. ಊರು ದಾಟಿತು, ಕೆರೆ ಏರಿ ದಾಟಿತು. ಗಾಳಿ ಬಡಿಯದ ಹಾಗೆ ಮಗುವಿನ ಮುಖವನ್ನು ತನ್ನ ಎದೆಗೂ ಗಂಡನ ಬೆನ್ನಿಗೂ ನಡುವೆ ಇರಿಸಿಕೊಂಡಿದ್ದಳು. ಅರ್ಧ ದಾರಿಯೂ ಆಗಿರಲಿಲ್ಲ. ಕುರುಚಲು ಕಾಡು ಶುರುವಾಗುವ ಏರಿನಲ್ಲಿ ಗಾಡಿ ಕೆಮ್ಮಿತು. ಅವಳಿಗೆ ಗಾಬರಿಯಾಗಲಿಲ್ಲ. ಇನ್ನು ರಿಸರ್ವ್, ಇನ್ನು ತರೀಕೆರೆ ಎಂದುಕೊಂಡಳು.

ಶಿವಮೂರ್ತಪ್ಪ ಎಂದಿನಂತೆ ನೋಡದೆಯೇ ಕೈ ಇಳಿಸಿ ಹಿಡಿಯನ್ನು ಬಲಕ್ಕೆ ಒತ್ತಿದ. ಅದು ಕದಲಲಿಲ್ಲ. ಗಾಡಿ ನಿಂತೇಹೋಯಿತು. ಇಳಿದು ಬಗ್ಗಿದ. ಬಗ್ಗಿದವನು ಬೇಗ ಏಳಲಿಲ್ಲ.

"ಏನಾಯ್ತ್ರಿ?"

"ಆಗ್ಲೇ ಬಲಕ್ಕೈತೆ."

"ಹಾಗಂದ್ರೆ?"

"ರಿಸರ್ವೂ ಮುಗ್ದೋಗೈತೆ ಕಣೇ. ಹಬ್ಬದಿಂದ ಇದ್ರಾಗೇ ಓಡ್ಸೀನಿ. ಅದ್ಕೇ ನಡುವೆ ಕೆಮ್ಮದಂಗೆ ತಳದ್ದೂ ಸೇರಿ ಇಳ್ದೋಗೈತೆ." ಆಮೇಲೆ ತಲೆ ಎತ್ತಿ ಕೇಳಿದ: "ನೀನೇನಾರ ಮುಟ್ಟಿದ್ದೇನೇ?"

ಅವಳು ಇಲ್ಲವೆಂದಳು. ಅವನು ಮತ್ತೆ ಬಗ್ಗಿ, ಹಿಡಿಯ ಬುಡವನ್ನು ಉಗುರಿನಿಂದ ಕೆರೆದ. ಸಂದಿನಿಂದ ಒಣಗಿದ ಹುಣಸೆಯ ಕಸ, ಬೂದಿ ಉದುರಿತು. ಅವನು ಅದನ್ನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು. ಪಂಚೆಗೆ ಬೆರಳು ಒರೆಸಿಕೊಂಡು ಅವನು ಎದ್ದು ನಿಂತ.

ಗಾಡಿಯನ್ನು ಬೇಲಿಗೆ ಒರಗಿಸಿ ನಡೆದರು. ಮಗುವನ್ನು ಒಬ್ಬರಿಂದ ಒಬ್ಬರು ತೆಗೆದುಕೊಳ್ಳುತ್ತ, ಓಡುತ್ತ, ಏದುಸಿರು ಬಂದು ನಿಲ್ಲುತ್ತ. ಬಹಳ ಹೊತ್ತಿನ ಮೇಲೆ ಹಿಂದಿನಿಂದ ಒಂದು ಎತ್ತಿನ ಗಾಡಿ ಬಂತು. ಬೆನಕಪ್ಪನೆಂಬ ಮುದುಕ ಸೌದೆ ಹೇರಿಕೊಂಡು ಹೊರಟಿದ್ದ. ಮಗುವಿನ ಉಸಿರು ಕೇಳಿದ್ದೇ ತಡ, ಸೌದೆಯನ್ನೆಲ್ಲ ದಾರಿಯ ಪಕ್ಕಕ್ಕೆ ಕೆಡವಿ ಇವರನ್ನು ಹತ್ತಿಸಿಕೊಂಡ. ಎತ್ತುಗಳು ಎತ್ತುಗಳ ನಡಿಗೆಯಲ್ಲೇ ನಡೆದವು. ಮಲ್ಲಿಕಾಂಬ ಮಗುವಿನ ಜೊತೆ ತಾನೂ ಉಸಿರೆಳೆಯುತ್ತಿದ್ದಳು, ತನ್ನದು ನಿಲ್ಲದಿದ್ದರೆ ಅದರದೂ ನಿಲ್ಲುವುದಿಲ್ಲ ಎಂಬಂತೆ. ಬಿಸಿಲು ಇಳಿಯುವ ಹೊತ್ತಿಗೆ ತರೀಕೆರೆ ಬಂತು. ಡಾಕ್ಟರು ತಡವಾಗಿ ಕೂತಿದ್ದ ಊಟದ ಎಲೆ ಬಿಟ್ಟೆದ್ದು ಬಂದರು. ಸೂಜಿ ಹಾಕಿದರು. ಸೂಜಿಮದ್ದು ಏರುವ ಮೊದಲೇ ಮಂಗಳ ಅವಳ ತೊಡೆಯ ಮೇಲೆ ಸುಮ್ಮನಾದಳು.

ಮಣ್ಣು ಮಾಡಿ ಬಂದ ಮೇಲೆ ಊರಿನಲ್ಲಿ ಮಾತು ಹುಟ್ಟಿತು. ನಲ್ಲಿ ತಿರುಗಿತ್ತಂತೆ. ಯಾರು ತಿರುಗಿಸಿದರು? ಆ ಗಾಡಿಯ ಪುಸ್ತಕ ಓದಿದವಳು ಒಬ್ಬಳೇ ತಾನೇ. ಅದೂ ಇದೂ ಕೆದಕುವ ಬುದ್ಧಿ ಓದಿದವರಿಗೆ ಇದ್ದೇ ಇರುತ್ತದಲ್ಲ. ತೀರ್ಥಮ್ಮನೂ ಅದನ್ನೇ ನಂಬಿದಳು. ನಟಿಸಲಿಲ್ಲ, ನಿಜವಾಗಿ ನಂಬಿದಳು. ಬಂದವರ ಮುಂದೆ ಎದೆ ಬಡಿದುಕೊಂಡು, ಏನೋ ತಿಳೀದೆ ಮಾಡ್ಬಿಟ್ಲು ಕಣ್ರವ್ವ, ಮಗೀನ ಋಣ ಇಷ್ಟೇ ಇತ್ತು ಎಂದು ಸೊಸೆಯ ಪರವಾಗಿ ಕ್ಷಮೆಯನ್ನೂ ಬೇಡುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಅತ್ತೆಯ ಆ ಕನಿಕರ ಮಲ್ಲಿಕಾಂಬಳನ್ನು ಸುಟ್ಟಿತು.

ಶಿವಮೂರ್ತಪ್ಪ ಅಲ್ಲೇ ಕಂಬಕ್ಕೆ ಒರಗಿ ಕೂತಿರುತ್ತಿದ್ದ. ಅದೂ ಅಲ್ಲ, ಇದೂ ಅಲ್ಲ ಎನ್ನುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವನು ಕೊಟ್ಟಿಗೆಯಲ್ಲಿ ಒಬ್ಬನೇ ಇದ್ದಾಗ ಅವಳು ಹೋಗಿ ಬಾಗಿಲಲ್ಲಿ ನಿಂತಳು. ಒಂದೇ ಒಂದು ಸಲ ಹೇಳಿಬಿಡಿ ಎಂದು ಕೇಳಿದಳು. ಅತ್ತೆಯ ಹೆಸರು ಎತ್ತುವುದು ಬೇಡ, ನನ್ನ ಹೆಂಡತಿ ಮುಟ್ಟಿಲ್ಲ ಎಂದಷ್ಟೇ ಹೇಳಿದರೆ ಸಾಕು ಎಂದಳು.

"ನೀನಲ್ಲ ಅಂದ್ರೆ ಮತ್ಯಾರು ಅಂತಾರೆ. ಅವ್ವಂಗೆ ಗೊತ್ತಾದ್ರೆ ಸತ್ತೋಗ್ತಾಳೆ ಕಣೇ. ನೀನು ಓದಿದೋಳು. ತಡ್ಕೊಂತೀಯ."

"ಮಂಗಳನ್ನ ಹೆತ್ತೋಳು ನಾನು."

ಅವನು ಕರುವಿನ ಹಗ್ಗ ಬಿಚ್ಚುತ್ತ ಕೂತ. ಆಗಲೇ ಬಿಚ್ಚಿದ್ದ ಹಗ್ಗ ಅದು.

ಮಾರನೆಯ ವರ್ಷ ಅವಳು ಮತ್ತೆ ಬಸುರಾದಳು. ತಿಂಗಳು ತುಂಬುವ ಮುಂಚೆಯೇ, ತರೀಕೆರೆಯಲ್ಲಿ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಮನೆ ಹಿಡಿಯಬೇಕು, ಈ ಮಗು ದೊಡ್ಡದಾಗುವ ತನಕ ಅಲ್ಲೇ ಇರುತ್ತೇನೆ ಎಂದಳು. ತೀರ್ಥಮ್ಮ ಅತ್ತಳು. ಮಗ ಎರಡನೆಯ ಮಾತಾಡದೆ ಒಪ್ಪಿದ. ಯಾಕೆ ಒಪ್ಪಿದನೆಂದು ಗಂಡಹೆಂಡಿರಿಬ್ಬರಿಗೂ ಗೊತ್ತಿತ್ತು. ಸಾಮಾನು ಎತ್ತಿನ ಗಾಡಿಯಲ್ಲಿ ಹೋಯಿತು. ಅವಳು ರೈಲು ಹತ್ತಿ, ಬೀರೂರಿನಲ್ಲಿ ಬದಲಾಯಿಸಿಕೊಂಡು, ಸುತ್ತುಬಳಸಿನ ದಾರಿಯಲ್ಲಿ ತರೀಕೆರೆಗೆ ಬಂದಿಳಿದಳು. ಮೋಟಾರ್ ಸೈಕಲ್ಲಿನಲ್ಲಿ ಬಿಡುತ್ತೇನೆ ಎಂದು ಅವನು ಕೇಳಲಿಲ್ಲ.

ಗಂಡು ಮಗು ಹುಟ್ಟಿತು. ನೆಗಡಿಯಾದರೂ ಅವಳು ಅದನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡುತ್ತಿದ್ದಳು. ಕಾಂಪೌಂಡರು ಇವಳನ್ನು ಕಂಡರೆ ನಗುವರು. ನಗಲಿ ಎಂದುಕೊಳ್ಳುವಳು. ಶಿವಮೂರ್ತಪ್ಪ ವಾರಕ್ಕೊಮ್ಮೆ ಬಂದು ಕಾಯಿ, ರಾಗಿ ಇಳಿಸಿ, ಮಗನನ್ನು ಎತ್ತಿ ಆಡಿಸಿ ಹೋಗುತ್ತಿದ್ದ. ಜಗಳವಿಲ್ಲ, ಮಾತೂ ಹೆಚ್ಚಿಲ್ಲ.

ಅಜ್ಜಂಪುರದ ಕಡೆಯಿಂದ ಮೊಸರು ಹೊತ್ತು ಬರುವ ಪಾಪಮ್ಮ ಒಂದು ಬೆಳಗ್ಗೆ ಅಳೆದು ಹಾಕುತ್ತ, ಊರಿನಲ್ಲಿ ಜನ ಏನಂತಾರೆ ಗೊತ್ತೇನವ್ವ ಎಂದಳು. ಕೇಳದಿದ್ದರೂ ಹೇಳಿದಳು.

"ತಪ್ಪು ಮಾಡ್ದೋಳಲ್ದಿದ್ರೆ ಮನೆ ಬಿಟ್ಟು ಯಾಕೋಯ್ತಿದ್ಲು, ಅಂತಾವ್ರೆ."

ಒಳಗೆ ಮಗು ಎದ್ದು ಕೂಗುತ್ತಿತ್ತು. ಗಟ್ಟಿಯಾದ, ಅಡೆತಡೆಯಿಲ್ಲದ ಕೂಗು. ಮಲ್ಲಿಕಾಂಬ ಒಂದು ಗಳಿಗೆ ಅದನ್ನೇ ಕೇಳುತ್ತ ನಿಂತು, ಇನ್ನೊಂದು ಪಾವು ಹಾಕಮ್ಮ ಎಂದು ಪಾತ್ರೆ ಮುಂದಕ್ಕೆ ಚಾಚಿದಳು.