ನಾಲ್ಕು ಮಡಿಕೆಯ ಚಿತ್ರ

ಚಳ್ಳಕೆರೆ ಆಚೆಯ ವಿಶ್ವವಿದ್ಯಾಲಯದಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಅಲ್ಲಿನ ಸಂಗ್ರಹದ ಚಿತ್ರಗಳನ್ನು ಯಾವ ಕಚೇರಿಯವರು ಬೇಕಾದರೂ ಒಂದು ವರ್ಷದ ಮಟ್ಟಿಗೆ ಎರವಲು ಪಡೆದು ತಮ್ಮ ಗೋಡೆಗೆ ಹಾಕಿಕೊಳ್ಳಬಹುದು. ಎತ್ತಿಕೊಡುವವನು, ಹೊತ್ತೊಯ್ಯುವವನು, ಮೊಳೆ ಹೊಡೆಯುವವನು ಎಲ್ಲ ಅಟೆಂಡರ್ ಎರ್ರಿಸ್ವಾಮಿಯೇ. ಪರೀಕ್ಷಾ ವಿಭಾಗಕ್ಕೆ ಅವನು ಬೇಕೆಂದೇ ನಗುವ ಮುದುಕಿಯ ಚಿತ್ರ ದಾಟಿಸಿದ. "ಅಲ್ಲಿ ಒಬ್ರಾದ್ರೂ ನಗಬೇಕಲ್ರಿ" ಎನ್ನುತ್ತಾನೆ.

ಆದರೆ ದೇವಸಮುದ್ರದ ಕಡೆಯ ಕುರಿಹಿಂಡಿನ ಚಿತ್ರವೊಂದನ್ನು ಮಾತ್ರ ಹದಿನಾರು ವರ್ಷಗಳಲ್ಲಿ ಯಾರೂ ಒಯ್ದಿರಲಿಲ್ಲ. ಅದನ್ನು ಕೆಡಿಸಿದವನು ಇವನೇ. ಎರ್ರಿಸ್ವಾಮಿ ಮೊಳಕಾಲ್ಮೂರಿನ ನೇಕಾರರ ಮನೆಯವನು. ಅವನ ಅವ್ವ ಸೂರಮ್ಮ ವರ್ಷಕ್ಕೆರಡು ಬಾರಿ ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದು, ಹಳೆಯ ಮಡಿಕೆ ಬಿಚ್ಚಿ, ಬೇರೆ ಕಡೆ ಮಡಿಸಿಡುತ್ತಿದ್ದಳು. ಒಂದೇ ಕಡೆ ಮಡಿಸಿಟ್ಟರೆ ರೇಷ್ಮೆ ಸೀಳುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬಟ್ಟೆಯ ಮೇಲೆ ಬರೆದು ಚೌಕಟ್ಟಿಲ್ಲದೆ ಸುರುಳಿಯಾಗಿ ಬಂದ ಆ ಚಿತ್ರವನ್ನು ಇವನೂ ಒಗೆದ ಪಂಚೆಯೊಳಗಿಟ್ಟು ನಾಲ್ಕು ಮಡಿಕೆ ಮಾಡಿದ. ಆರು ತಿಂಗಳಿಗೆ ಸರಿಯಾಗಿ ಮಡಿಕೆ ಬದಲಿಸಲು ಬಿಚ್ಚಿದರೆ ಬಣ್ಣ ಗೆರೆಗೆರೆಯಾಗಿ ಉದುರಿತ್ತು. ಆಮೇಲೆ ಚೌಕಟ್ಟು ಹಾಕಿಸಿದರೂ ಗೆರೆ ಹೋಗಲಿಲ್ಲ. ಸಾಹೇಬರು ಬೈದು ಮರೆತರು, ಇವನು ಮರೆಯಲಿಲ್ಲ.

ಈ ವರ್ಷ ಆದೇಶವೊಂದು ಬಂತು: ಯಾರೂ ಒಯ್ಯದ ಚಿತ್ರಗಳು ತಿಂಗಳ ಕೊನೆಗೆ ಗುಜರಿಗೆ. ಎರ್ರಿಸ್ವಾಮಿ ಕುರಿಹಿಂಡನ್ನು ಕಂಕುಳಲ್ಲಿಟ್ಟುಕೊಂಡು ಕೋಣೆ ಕೋಣೆ ತಿರುಗಿದ. ತಮ್ಮ ಗೋಡೆಗೆ ಸುಣ್ಣ ಬಳಿಸುವ ಯೋಗ್ಯತೆಯಿಲ್ಲದವರೂ ಅದರ ಗೆರೆ ನೋಡಿ ಮೂಗು ಮುರಿದರು. ತನ್ನ ತಪ್ಪಿಗೆ ಆ ಮೂಕ ಕುರಿಗಳು ಗುಜರಿಗೆ ಹೋಗುತ್ತವಲ್ಲ ಎಂದು ಅವನಿಗೆ ಊಟ ಸೇರಲಿಲ್ಲ.

ಕೊನೆಯ ದಿನ ಹೊಸ ಅಧ್ಯಾಪಕಿ ಪವಿತ್ರ ತನ್ನ ಕೋಣೆಗೊಂದು ಚಿತ್ರ ಕೇಳಿಕೊಂಡು ಬಂದಳು. ಅವಳೂ ಮೊಳಕಾಲ್ಮೂರಿನವಳೇ. ಕುರಿಗಳ ಮುಂದೆ ನಿಂತು, ಗೆರೆಗಳನ್ನು ಹತ್ತಿರದಿಂದ ನೋಡಿ ನಕ್ಕಳು.

"ಇದನ್ನ ಮಡಿಚಿದೋರು ನಮ್ಮೂರೋರೇ ಇರಬೇಕು. ನಮ್ಮವ್ವ ಸೀರೆ ಹಿಂಗೇ ಮಡಿಸ್ತಾಳೆ. ಯಾರ್ರೀ ಅದು?"

ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಎರ್ರಿಸ್ವಾಮಿ ಹಾಗೆನ್ನಲಿಲ್ಲ. "ನಾನೇ ಮೇಡಮ್. ಚೆಂದಾಗಿರ್ಲಿ ಅಂತಾನೇ ಮಡಿಚಿದ್ದು."

"ನೋಡಿದ್ರೆ ಗೊತ್ತಾಗ್ತೈತೆ ಬಿಡ್ರಿ ಎರ್ರಣ್ಣ. ಬ್ಯಾಡಾದ್ದನ್ನ ಯಾರೂ ಇಷ್ಟು ಒಪ್ಪವಾಗಿ ಮಡಿಸಲ್ಲ. ನನ್ನ ಟೇಬಲ್ ಎದುರಿಗೇ ಹಾಕ್ರಿ."

ಎರವಲು ಚೀಟಿಯಲ್ಲಿ ಚಿತ್ರದ ಸ್ಥಿತಿ ಬರೆಯುವ ಜಾಗವೊಂದಿದೆ. ಅಲ್ಲಿ ಅವನು ಆಗಲೇ 'ಹಾಳಾಗಿದೆ' ಎಂದು ಬರೆದಿದ್ದ. ಪವಿತ್ರ ಅದನ್ನು ಹೊಡೆದುಹಾಕಿ, 'ಜೋಪಾನವಾಗಿ ಇಟ್ಟಿದ್ದಾರೆ' ಎಂದು ಬರೆದು ಸಹಿ ಮಾಡಿದಳು. ಹದಿನಾರು ವರ್ಷ ಒಂದು ಮೊಳೆಯನ್ನೂ ಸೊಟ್ಟಗೆ ಹೊಡೆಯದ ಎರ್ರಿಸ್ವಾಮಿ, ಆ ದಿನ ಕುರಿಹಿಂಡಿಗೆ ಮೊಳೆ ಹೊಡೆಯುವಾಗ ಎರಡು ಸಲ ಬೆರಳಿಗೇ ಬಡಿದುಕೊಂಡ.